ಮೂರು ಪತ್ರಗಳ ವಿಚಾರಣೆ

ರದ್ದಾದ ಲೈಸೆನ್ಸ್ ವಾಪಸ್ ಕೊಡಿಸುವುದರಲ್ಲಿ ವಕೀಲೆಯದು ಹತ್ತೊಂಬತ್ತು ವರ್ಷ ಪಳಗಿದ ಕೈ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದವನು ವರ್ಷ ಕಳೆದ ಮೇಲೆ ಅರ್ಜಿ ಹಾಕಬಹುದು. ಅವನು ಕುಡಿತ ಬಿಟ್ಟಿದ್ದಾನೆಂದು ಬಲ್ಲವರು ಮೂವರು ಪತ್ರ ಬರೆದುಕೊಡಬೇಕು. ಆ ಪತ್ರದ ನಮೂನೆ ಅವಳ ಕಚೇರಿಯ ಕಂಪ್ಯೂಟರಿನಲ್ಲೇ ಇತ್ತು. ಹೆಸರು ತುಂಬಿದರೆ ಮುಗಿಯಿತು. ಸಹಿ ಹಾಕುವವರು ಓದುವ ಗೋಜಿಗೂ ಹೋಗುತ್ತಿರಲಿಲ್ಲ.

ಆ ಬೆಳಿಗ್ಗೆಯ ಕಕ್ಷಿದಾರ ಶಾಲಾ ವ್ಯಾನಿನ ಡ್ರೈವರ್. ಸಾರಿಗೆ ಕಚೇರಿಯ ವಿಚಾರಣಾ ಕೊಠಡಿಯ ಹೊರಗೆ, ಹೆಂಡತಿಯ ಪಕ್ಕ ಕೂತು ಪೆಪ್ಪರ್‌ಮಿಂಟ್ ಕಡಿಯುತ್ತಿದ್ದ. ನೆಲದ ಫಿನಾಯಿಲ್, ಬಾಯಿಯ ಪೆಪ್ಪರ್‌ಮಿಂಟ್, ಅವೆರಡರ ಅಡಿಯಿಂದ ಹುಳಿಹುಳಿಯಾಗಿ ಏಳುತ್ತಿದ್ದ ಇನ್ನೊಂದು ವಾಸನೆ. ವಕೀಲೆ ಅವನತ್ತ ಬಗ್ಗಿದಳು.

"ಕುಡಿದಿದ್ದೀರಾ?"

"ನಿನ್ನೇದು ಮೇಡಂ, ಒಂಚೂರು. ಟೆನ್ಶನ್ ಅಲ್ವಾ?" ಹಲ್ಲು ಕಿಸಿದ. "ಬಾಯಿ ತೊಳ್ಕೊಂಡು ಬಂದೆ, ಇರಿ."

ಅವನು ಅತ್ತ ಹೋದದ್ದೇ ತಡ, ಹೆಂಡತಿ ಹತ್ತಿರ ಸರಿದಳು. "ನಿನ್ನೇದಲ್ಲ ಅಕ್ಕಾ, ಈಗ ಬೆಳಿಗ್ಗೆದು. ದಿನಾ ಇದೇ ಗೋಳು. ಲೈಸೆನ್ಸ್ ಸಿಕ್ರೆ ಮತ್ತೆ ಆ ವ್ಯಾನೇ ಓಡಿಸ್ತಾರೆ, ನಮ್ಮ ಹುಡುಗೀನೂ ಅದೇ ವ್ಯಾನಲ್ಲಿ ಹೋಗೋದು. ನಾನು ಹೇಳ್ದೆ ಅಂತ ಮಾತ್ರ ಬಾಯಿಬಿಡ್ಬೇಡಿ, ನನ್ನ ಚರ್ಮ ಸುಲಿತಾರೆ."

ಒಳಗೆ ಅಧಿಕಾರಿ ಪೆನ್ನಿನ ಮುಚ್ಚಳದಿಂದ ಕಿವಿ ಕೆರೆದುಕೊಂಡು, ಮುಚ್ಚಳದ ತುದಿಯನ್ನೊಮ್ಮೆ ನೋಡಿ, ಅದೇ ಕೈಯಲ್ಲಿ ಪತ್ರಗಳನ್ನು ಮಗುಚಿದ.

"ಇವೆಲ್ಲ ನಿಜ ತಾನೆ?"

ಈ ಪ್ರಶ್ನೆಗೆ ವಕೀಲೆ ತಲೆಯೆತ್ತದೆ ಹೌದೆನ್ನುತ್ತಿದ್ದಳು. ಇವತ್ತು ತಲೆಯೆತ್ತಿದಳು.

"ಅಲ್ಲ ಸಾರ್."

"ಮೇಡಂ!" ಪಕ್ಕದ ಕುರ್ಚಿಯಿಂದ ಡ್ರೈವರ್ ಎದ್ದು ನಿಂತ.

"ಹೇಗೆ ಗೊತ್ತು ನಿಮ್ಗೆ?" ಅಧಿಕಾರಿ ಕೇಳಿದ.

ಹೆಂಡತಿಯ ಹೆಸರು ಎತ್ತುವಂತಿರಲಿಲ್ಲ. "ಮೂರನ್ನೂ ಬರೆದವಳು ನಾನೇ."

ಅಧಿಕಾರಿಗೆ ಆಶ್ಚರ್ಯವೇನೂ ಆಗಲಿಲ್ಲ, ಸಿಟ್ಟು ಬಂತು. "ಎಲ್ರದ್ದೂ ನೀವೇ ತಾನೆ ಬರೆಯೋದು? ನನಗೇನು ಕಣ್ಣಿಲ್ವಾ? ಅದನ್ನ ಬಾಯಿಬಿಟ್ಟು ಹೇಳ್ಬಿಟ್ರಲ್ಲ, ಈಗ ನಾನು ದಾಖಲು ಮಾಡ್ಬೇಕು! ಆದೇಶ ಆಗ್ಲೇ ಟೈಪಾಗಿ ಕೂತಿದೆ ಕಣ್ರೀ." ಲೈಸೆನ್ಸ್ ಮಂಜೂರಾಗಿದೆ ಎಂಬ ಹಾಳೆಯನ್ನು ಹರಿದು ಬುಟ್ಟಿಗೆಸೆದ. ಅರ್ಜಿ ವಜಾ, ಮತ್ತೆ ಹಾಕಲು ಆರು ತಿಂಗಳು ಕಾಯಬೇಕು. ವಕೀಲೆಯ ಮೇಲೆ ವಕೀಲರ ಪರಿಷತ್ತಿಗೆ ವರದಿ.

ಹೊರಗೆ ಡ್ರೈವರ್ ಕೂಗಾಡಿದ: "ಅನ್ನ ಕಿತ್ಕೊಂಡ್ರಲ್ಲ, ಥೂ!" ಎಂಜಲು ವಕೀಲೆಯ ಚಪ್ಪಲಿಯ ಪಕ್ಕ ಬಿತ್ತು. ಮುಂದಿನ ಕೇಸಿಗೆ ಕಾದಿದ್ದ ಇನ್ನೊಬ್ಬ ವಕೀಲ ಆಗಲೇ ಅವನ ಹೆಗಲ ಮೇಲೆ ಕೈಹಾಕಿದ್ದ. "ಆರು ತಿಂಗಳು ಬಿಟ್ಟು ಬನ್ನಿ ಅಣ್ಣ. ಪತ್ರ ಗಿತ್ರ ಎಲ್ಲ ನಾವೇ ಮಾಡಿಸ್ತೀವಿ."

ಹೆಂಡತಿ ವಕೀಲೆಯ ಕೈ ಹಿಸುಕಿದಳು. "ಆರು ತಿಂಗಳು ಸಿಕ್ತಲ್ಲ ಅಕ್ಕಾ, ಸಾಕು. ಅಷ್ಟರಲ್ಲಿ ನಮ್ಮ ಹುಡುಗೀನ ಬೇರೆ ವ್ಯಾನಿಗೆ ಹಾಕ್ತೀನಿ."

ಆ ವ್ಯಾನಿನಲ್ಲಿ ಇನ್ನೂ ಹನ್ನೊಂದು ಮಕ್ಕಳಿದ್ದರು. ಅವರ ಮಾತನ್ನು ಇಬ್ಬರೂ ಎತ್ತಲಿಲ್ಲ.