ಹಾಜರಿ ಪುಸ್ತಕದ ಅನಸೂಯಮ್ಮ

“ಲೇ ಕದಿರೀ, ನಾಳೆಯಿಂದ ನಿನ್ನೆಸ್ರು ಅನಸೂಯಮ್ಮ ಕಣೇ. ತಲೆಗೋಯ್ತಾ, ಮುಂಡೆ?”

ಪಟೇಲ ಸೊಣ್ಣಪ್ಪ ಜಗಲಿಯ ಮೇಲೆ ಕೂತು ಬೇವಿನ ಕಡ್ಡಿ ಅಗಿಯುತ್ತ ಹೇಳಿದ. ಸಗಣಿ ಮಂಕರಿ ಹೊತ್ತು ಅಂಗಳ ದಾಟುತ್ತಿದ್ದ ಕದಿರಮ್ಮ ಅಲ್ಲೇ ನಿಂತಳು. ಮಂಕರಿಯಿಂದ ಸೋರಿದ ಸಗಣಿ ನೀರು ಕಿವಿಯ ಹಿಂದೆ ಹರಿದು ಕತ್ತಿಗಿಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಅನಸೂಯಮ್ಮ ಎಂದರೆ ಪಟೇಲನ ಸೊಸೆ. ಆ ಹೆಸರನ್ನು ಕದಿರಮ್ಮ ಈವರೆಗೆ ಬಾಯಲ್ಲಿ ಆಡಿದವಳಲ್ಲ. ಕೇರಿಯವರಿಗೆ ಆ ಮನೆಯ ಹೆಂಗಸರೆಲ್ಲ ಬರೀ ‘ಅಮ್ಮಾವ್ರು’.

“ಅಂಗಂದ್ರೇನ್ ಸ್ವಾಮಿ?”

“ಬಂಗಾರಪೇಟೇಲಿ ಸರ್ಕಾರದೋರು ಎಂಗಸ್ರಿಗೆ ಕೋಳಿ ಸಾಕೋದು ಕಲಿಸ್ತಾರಂತೆ. ಎಲ್ಡೂವರೆ ತಿಂಗ್ಳು ಅಲ್ಲೇ ಇದ್ದು ಕಲ್ತೋರಿಗೆ ಸೀಮೆಕೋಳಿ ಮರಿ, ತಂತಿ ಬಲೆ, ತಗಡು, ಎಲ್ಲಾ ಪುಗಸಟ್ಟೆ. ನಮ್ ಸೊಸೆ ಎಸ್ರು ಬರೆಸಿವ್ನಿ. ಅಂಗಂತ ನಮ್ಮನೆ ಸೊಸೇನ ಕೋಳಿ ಪಿಕ್ಕೆ ಬಳಿಯಾಕೆ ಕಳ್ಸಕಾಯ್ತದಾ? ನೀನೋಗು. ಆಜರಿ ಕೂಗ್ದಾಗ ‘ಇವ್ನಿ’ ಅನ್ನು. ಅಷ್ಟೇಯ.”

“ನಾನ್ ಒಲೇರ್ ಜಾತಿಯೋಳು ಸ್ವಾಮಿ. ಅಲ್ಲಿ ಗೊತ್ತಾದ್ರೆ...”

“ಗೊತ್ತಾದ್ರೆ ಚರ್ಮ ಸುಲೀತೀನಿ. ನಿನ್ ಗುಡ್ಲು ಯಾರ್ ಜಮೀನಾಗೈತೆ ಅಂತ ನಿಮ್ಮತ್ತೇನ ಕೇಳ್ಕಾ, ಓಗು.”

ಸಂಜೆ ಅನಸೂಯಮ್ಮನ ಎರಡು ಹಳೆಯ ಸೀರೆ ಜಗಲಿಯಿಂದ ಅಂಗಳಕ್ಕೆ ಬಿದ್ದವು. ಜೊತೆಗೆ ಕಾಗದದಲ್ಲಿ ಸುತ್ತಿದ ಗಾಜಿನ ಬಳೆ, ಕುಂಕುಮದ ಭರಣಿ, ಅರಿಶಿನದ ದಾರಕ್ಕೆ ಕಟ್ಟಿದ ಹಿತ್ತಾಳೆಯ ತಾಳಿ. ಪಟೇಲನ ಸೊಸೆಗೆ ಗಂಡನಿದ್ದ. ಕದಿರಮ್ಮನ ಗಂಡ ಕುಪ್ಪುಸ್ವಾಮಿ ಚಿನ್ನದ ಗಣಿಯ ಧೂಳು ಕುಡಿದು, ಕೆಮ್ಮಿ ಕೆಮ್ಮಿ ಸತ್ತು ಮೂರು ವರ್ಷವಾಗಿತ್ತು.

ಅತ್ತೆ ಪಾಪಕ್ಕ ಗುಡಿಸಲ ಬಾಗಿಲಲ್ಲಿ ಕೂತು ಆ ಬಳೆಗಳನ್ನು ತುಂಬ ಹೊತ್ತು ನೋಡಿದಳು.

“ನನ್ ಮಗ ಸತ್ತ ದಿನ ನಿನ್ ಬಳೆ ಒಡ್ದಿದ್ದು ನಾನೇ, ಈ ಕೈಯಾರ,” ಎಂದಳು. ಆಮೇಲೆ ಸೊಸೆಯ ಕೈ ಎಳೆದುಕೊಂಡು ಒಂದೊಂದಾಗಿ ತಾನೇ ತೊಡಿಸತೊಡಗಿದಳು. “ಗುಡ್ಲು ಕಿತ್ತಾಕಿದ್ರೆ ಎಲ್ಲಿಗೋಗಾನಮ್ಮಾ? ಓಗ್ಬಾ.”

ಶಿಬಿರ ನಡೆಯುತ್ತಿದ್ದದ್ದು ಬಂಗಾರಪೇಟೆಯ ರೈಲುಹಳಿಯಾಚೆಯ ಹಳೆಯ ಗೋದಾಮಿನಲ್ಲಿ. ಹದಿನಾಲ್ಕು ಮಂದಿ ಹೆಂಗಸರು. ಬೇತಮಂಗಲದ ಕಡೆಯವರು, ಕ್ಯಾಸಂಬಳ್ಳಿ ಕಡೆಯವರು. ಮೊದಲ ದಿನ ಊಟಕ್ಕೆ ಗಂಟೆ ಹೊಡೆದಾಗ ಕದಿರಮ್ಮ ಅಭ್ಯಾಸದಂತೆ ಹೊರಗೆ, ಬಚ್ಚಲ ಗೋಡೆಯ ಪಕ್ಕ ಹೋಗಿ ಕುಕ್ಕರಗಾಲಲ್ಲಿ ಕೂತಳು. ಅಡುಗೆಯಾಕೆ ಸೌಟು ಹಿಡಿದು ಈಚೆ ಬಂದಳು.

“ಅಯ್ಯೋ, ಅಲ್ಯಾಕಮ್ಮಾ ಕೂತ್ರಿ? ಒಳಗೆ ಎಲೆ ಆಕಿವ್ನಿ, ಬನ್ನಿ.”

ಒಳಗೆ ಸಾಲಿನಲ್ಲಿ ಕೂತಳು. ಎಡಗಡೆಯವಳ ಮೊಣಕೈ ತನ್ನ ಮೊಣಕೈಗೆ ತಾಗುತ್ತಿತ್ತು. ಆಕೆ “ಉಪ್ಪು ಈಕಡೆ ಸರಿಸ್ರಮ್ಮಾ” ಎಂದಳು. ಉಪ್ಪಿನ ಬಟ್ಟಲು ಸರಿಸುವಾಗ ಕದಿರಮ್ಮ ಅರ್ಧ ಉಪ್ಪು ಚೆಲ್ಲಿದಳು. ಆ ದಿನ ಅವಳ ಎಲೆಯಲ್ಲಿ ಅನ್ನ ಹಾಗೇ ಉಳಿಯಿತು. ಈಗ ಯಾರಾದರೂ ಎದ್ದು ನಿಂತು ಕೂಗುತ್ತಾರೆ, ಈಗ ಬಂದು ಜುಟ್ಟು ಹಿಡಿದೆಳೆಯುತ್ತಾರೆ ಎಂದು ಕಾದಳು. ಯಾರೂ ಎಳೆಯಲಿಲ್ಲ. ನಾಲ್ಕನೆಯ ದಿನ ಎರಡನೇ ಸಲ ಸಾರು ಕೇಳಿ ಹಾಕಿಸಿಕೊಂಡಳು.

ಪಾಠ ಹೇಳುತ್ತಿದ್ದವರು ಆಂಡರ್ಸನ್‌ಪೇಟೆಯ ಪೆರುಮಾಳ್ ಮೇಷ್ಟ್ರು. ಕನ್ನಡದಲ್ಲಿ ಶುರುವಾದ ಅವರ ಮಾತು ತಮಿಳಿನಲ್ಲಿ ಮುಗಿಯುತ್ತಿತ್ತು. ಹಾಜರಿ ಕೂಗುವಾಗ “ಅನಸೂಯಮ್ಮ” ಎಂದು ಮೂರು ಸಲ ಕರೆದರೂ ಈಕೆ ಮೊದಮೊದಲು ತಿರುಗಿಯೇ ನೋಡುತ್ತಿರಲಿಲ್ಲ. ಅವರು ನಗುತ್ತ, “ಎನ್ನಮ್ಮಾ, ಕಿವಿ ಊರಲ್ಲೇ ಬಿಟ್ಟು ಬಂದ್ರಾ?” ಎನ್ನುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಲು ಅವರು ಯಾರನ್ನೂ ಬಿಡಲಿಲ್ಲ. ಒಬ್ಬೊಬ್ಬರ ಹೆಸರನ್ನೂ ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತಿದ್ದಿಸಿದರು. ಹತ್ತು ದಿನಕ್ಕೆ ಕದಿರಮ್ಮನಿಗೆ ‘ಅನಸೂಯಮ್ಮ’ ಎಂಬ ಐದಕ್ಷರ ಬರೆಯಲು ಬಂತು. ‘ಸೂ’ಗೆ ಬಾಲ ಮಾತ್ರ ಯಾವಾಗಲೂ ಉದ್ದ.

ಕೋಳಿಯ ಕೆಲಸ ಅಕ್ಷರಕ್ಕಿಂತ ಬೇಗ ಕೈಗೆ ಹತ್ತಿತು. ದೀಪಕ್ಕೆ ಮೊಟ್ಟೆ ಹಿಡಿದು ಒಳಗೆ ಜೀವ ಇದೆಯೋ ಇಲ್ಲವೋ ಹೇಳುವಳು. ಮರಿಗಳ ಸದ್ದು ಕೇಳಿಯೇ ಚಳಿಯೋ ಹಸಿವೋ ತಿಳಿಯುವಳು. ಬೇಸಿಗೆಯಲ್ಲಿ ಬರುವ ಕೊಕ್ಕರೆ ರೋಗದ ಗುರುತು ಕಲಿತಳು: ಹಸಿರು ಪಿಕ್ಕೆ, ತಿರುಚಿದ ಕತ್ತು, ಎಳೆಯುವ ಕಾಲು. ಅದು ಬಂದ ಮೇಲೆ ಮದ್ದಿಲ್ಲ, ಬರುವ ಮೊದಲೇ ರೆಕ್ಕೆಯ ಕೆಳಗೆ ಸೂಜಿ ಚುಚ್ಚಬೇಕು. ಸೂಜಿ ಹಾಕುವಾಗ ಮೇಷ್ಟ್ರು ಉಳಿದವರನ್ನೆಲ್ಲ ಸುತ್ತ ನಿಲ್ಲಿಸಿ, “ಅನಸೂಯಮ್ಮನವರ ಕೈ ನೋಡಿ. ಕೋಳಿಗೆ ಗೊತ್ತೇ ಆಗಲ್ಲ,” ಎನ್ನುತ್ತಿದ್ದರು. ಕದಿರಮ್ಮನಿಗೆ ಮೈಯೆಲ್ಲ ಬೆಚ್ಚಗಾಗುತ್ತಿತ್ತು. ಹಿಂದೆಯೇ, ಹೊಗಳಿದ್ದು ಯಾರನ್ನು ಎಂದು ನೆನಪಾಗುತ್ತಿತ್ತು.

ಊರಿಗೆ ಬಂದ ದಿನ ಪಟೇಲ ಸರ್ಟಿಫಿಕೇಟನ್ನು ಎರಡು ಬೆರಳಲ್ಲಿ ಎಳೆದುಕೊಂಡ. ಅದಕ್ಕೆ ಗಾಜು ಹಾಕಿಸಿ ನಡುಮನೆಯಲ್ಲಿ ದೇವರ ಪಟದ ಪಕ್ಕ ನೇತುಹಾಕಿದರು ಎಂದು ಕದಿರಮ್ಮ ಕೇಳಿದಳು. ನೋಡಲಿಲ್ಲ, ನಡುಮನೆಗೆ ಅವಳು ಹೋಗುವಂತಿರಲಿಲ್ಲ. ಬಳೆ, ತಾಳಿ, ಸೀರೆ ಎಲ್ಲ ವಾಪಸು ಕೊಟ್ಟಳು. ಸೀರೆಗಳನ್ನು ಅವರು ಸುಟ್ಟುಹಾಕಿದರು.

ತಗಡಿನ ಶೆಡ್ಡು ಎದ್ದಿತು, ಇನ್ನೂರು ಬಿಳಿ ಮರಿಗಳು ಬಂದವು. ಸಾಕುವುದೆಲ್ಲ ಕದಿರಮ್ಮನೇ. ಮೇವು ಕಲಸಿದಳು, ಸೂಜಿ ಹಾಕಿದಳು, ಕಸ ಬಳಿದಳು. ಐದಾರು ತಿಂಗಳಿಗೆ ಕೋಳಿಗಳು ಮೊಟ್ಟೆಗೆ ಬಂದಾಗ ಸೊಣ್ಣಪ್ಪ ಹೊಸ ಕಟ್ಟು ಮಾಡಿದ.

“ಕೋಳಿ ಮುಟ್ಟು, ಪಿಕ್ಕೆ ಮುಟ್ಟು. ಮೊಟ್ಟೆ ಮಾತ್ರ ಮುಟ್ಬ್ಯಾಡ. ಗಣಿ ಬಂಗಲೆ ದೊರೆಗೋಳ ಮನೆಗೆ ಓಗೋದು. ನಮ್ ಸೊಸೆ ಎತ್ಕಂತಾಳೆ.”

ಹೀಗಾಗಿ ದಿನಾ ಬೆಳಿಗ್ಗೆ ಅನಸೂಯಮ್ಮ ಬುಟ್ಟಿ ಹಿಡಿದು ಶೆಡ್ಡಿಗೆ ಬರುತ್ತಿದ್ದಳು. ಕದಿರಮ್ಮನದೇ ವಯಸ್ಸು. ಮಾತು ಕಮ್ಮಿ. ಒಂದು ದಿನ ಮೊಟ್ಟೆ ಎತ್ತುತ್ತ, ತಲೆ ಎತ್ತದೆ ಕೇಳಿದಳು:

“ಅಲ್ಲಿ ನನ್ನೆಸ್ರುನ್ನ ಎಂಗೆ ಕೂಗ್ತಿದ್ರು ಕದಿರಿ?”

“ಅನಸೂಯಮ್ಮನವ್ರೇ ಅಂತ.”

“ನವ್ರೇ ಅಂತಲಾ?”

“ಊಂ, ಅಮ್ಮಾವ್ರೇ.”

ಅನಸೂಯಮ್ಮ ಮತ್ತೆ ಮೊಟ್ಟೆ ಎತ್ತತೊಡಗಿದಳು. ಬುಟ್ಟಿ ತುಂಬಿದ ಮೇಲೂ ಸ್ವಲ್ಪ ಹೊತ್ತು ನಿಂತೇ ಇದ್ದಳು.

ಮಾಘ ಮಾಸದಲ್ಲಿ ತಾಲ್ಲೂಕಿನ ಅಧಿಕಾರಿ ರಾಮಚಂದ್ರಪ್ಪ ಜೀಪಿನಲ್ಲಿ ಬಂದರು. ಪಟೇಲ ಸೊಸೆಗೆ ಹೊಸ ಸೀರೆ ಉಡಿಸಿ ಶೆಡ್ಡಿನ ಮುಂದೆ ನಿಲ್ಲಿಸಿದ್ದ. ಶಿಬಿರದ ಹೆಂಗಸರ ಮುಖ ಈ ಅಧಿಕಾರಿಗೆ ಗೊತ್ತಿಲ್ಲ ಎಂದು ವಿಚಾರಿಸಿಕೊಂಡೇ ಇದ್ದ. ಜೀಪಿನ ಹಿಂದಿನ ಸೀಟಿನಿಂದ ಪೆರುಮಾಳ್ ಮೇಷ್ಟ್ರು ಇಳಿಯುತ್ತಾರೆ ಎಂಬುದು ಅವನಿಗೆ ತಿಳಿದಿರಲಿಲ್ಲ.

ಮೇಷ್ಟ್ರು ಹೊಸ ಸೀರೆಯವಳನ್ನು ದಾಟಿ, ಬಾಂಡಲಿಯಲ್ಲಿ ಕಸ ತುಂಬುತ್ತಿದ್ದ ಕದಿರಮ್ಮನ ಮುಂದೆ ಬಂದು ಕೈಮುಗಿದರು.

“ಚೆನ್ನಾಗಿದೀರಾ ಅನಸೂಯಮ್ಮನವರೇ? ಸಾರ್, ನಾನ್ ಹೇಳಿದ್ದು ಇವರೇ. ಮುಂದಿನ ಶಿಬಿರಕ್ಕೆ ಕಲಿಸೋರು ಒಬ್ರು ಬೇಕಲ್ಲ, ಇವರ ಹೆಸರೇ ಬರ್ದಿದೀನಿ. ಇವರ ಕೈ ಥರ ಕೈ ನಾನ್ ನೋಡಿಲ್ಲ, ಆಮಾ.”

ಕದಿರಮ್ಮ ಬಾಂಡಲಿಯನ್ನು ಕೆಳಗಿಟ್ಟಳು. ಕಲಿಸುವವಳು. ತಾನು. ಒಂದು ಗಳಿಗೆ ಆ ಮಾತು ಅವಳ ಎದೆಯೊಳಗೆ ಇಳಿದು ಕೂತಿತು.

ಸೊಣ್ಣಪ್ಪ ಮೊದಲು ನಕ್ಕ. “ಏನ್ ಮೇಷ್ಟ್ರೇ, ಕಣ್ಣು ಕಾಣಾಕಿಲ್ವಾ? ಇದು ನಮ್ಮನೆ ಆಳು. ಒಲೇರ್ ಮುಂಡೆ. ನಮ್ ಸೊಸೆ ಇಲ್ಲವ್ಳೆ ನೋಡ್ರಿ.”

“ಎಪ್ಪತ್ತೈದು ದಿವಸ ನೋಡಿದೀನಿ ಪಟೇಲ್ರೇ. ಇವರೇ.”

“ಏನೇ ಲೌಡೀ,” ಪಟೇಲ ಕದಿರಮ್ಮನ ಕಡೆ ತಿರುಗಿದ. “ನನ್ ಸೊಸೆ ಎಸ್ರು ಏಳ್ಕಂಡು ಎಲ್ಲೆಲ್ಲಿ ತಿರುಗ್ದೆ?”

“ನೀವೇ ಅಲ್ವಾ ಸ್ವಾಮಿ ಕಳ್ಸಿದ್ದು?”

ಒದೆತ ಸೊಂಟಕ್ಕೆ ಬಿತ್ತು. ಬಿದ್ದವಳ ಬಾಯಿಗೆ ಕೋಳಿಕಸ ಮೆತ್ತಿತು. ಅಧಿಕಾರಿ “ಇರಲಿ, ಇರಲಿ ಬಿಡಿ” ಎಂದು ಕನ್ನಡಕ ಒರೆಸಿಕೊಂಡರು. ಪಟೇಲನ ಮನೆಯಲ್ಲಿ ಅವರಿಗೆ ಊಟದ ಏರ್ಪಾಡಾಗಿತ್ತು.

“ಅಮ್ಮಾ, ಶಿಬಿರಕ್ಕೆ ಬಂದದ್ದು ನೀವೇ ತಾನೆ?” ಎಂದು ಹೊಸ ಸೀರೆಯವಳನ್ನು ಕೇಳಿದರು.

ಅನಸೂಯಮ್ಮ ಮಾವನ ಮುಖ ನೋಡಿದಳು. ನೆಲ ನೋಡಿದಳು. ಹೌದೆಂದು ತಲೆಯಾಡಿಸಿದಳು.

“ಮತ್ತೇನ್ರೀ ಪೆರುಮಾಳ್? ಹೆಂಗಸರ ಮುಖ ನೆನಪು ತಪ್ಪಿರಬೇಕು ನಿಮಗೆ.”

ಮೇಷ್ಟ್ರದು ಇನ್ನೂ ಕಾಯಂ ಆಗದ ನೌಕರಿ. ಅವರು ತಮ್ಮ ಬೂಟು ನೋಡಿಕೊಂಡರು. “ಇರಬಹುದು ಸಾರ್,” ಎಂದರು.

ಅಧಿಕಾರಿ ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ನಾಲ್ಕು ಸಾಲು ಬರೆದು, ಗಟ್ಟಿಯಾಗಿ ಓದಿದರು: ಕೂಲಿ ಕದಿರಮ್ಮನಾದ ನಾನು ಬಂಗಾರಪೇಟೆಯ ಶಿಬಿರವನ್ನು ಕಂಡವಳಲ್ಲ, ಅಲ್ಲಿ ಏನನ್ನೂ ಕಲಿತವಳಲ್ಲ.

“ನಾಳೆ ತಕರಾರು ಬರಬಾರದು ನೋಡಿ. ಇಲ್ಲೊಂದು ಹೆಬ್ಬೆಟ್ಟು ಒತ್ತು.”

ಕದಿರಮ್ಮ ಎದ್ದು ಬಂದಳು. ಕೈಯನ್ನು ಸೀರೆಗೆ ಒರೆಸಿಕೊಂಡು ಪೆನ್ನು ಎತ್ತಿಕೊಂಡಳು.

“ನಂಗೆ ರುಜು ಆಕಾಕ್ ಬತ್ತದೆ,” ಎಂದಳು.

ನಿಧಾನವಾಗಿ, ಒಂದೊಂದಾಗಿ, ಅವಳು ತನಗೆ ಬರುತ್ತಿದ್ದ ಐದಕ್ಷರವನ್ನೂ ಬರೆದಳು. ‘ಸೂ’ಗೆ ಉದ್ದ ಬಾಲ. ಕಾಗದದ ಮೇಲೆ ಕಣ್ಣಾಡಿಸಿದ ಪೆರುಮಾಳ್ ಮೇಷ್ಟ್ರು ಹಿಂದಕ್ಕೆ ಸರಿದು, ಹೋಗಿ ಜೀಪಿನಲ್ಲಿ ಕೂತುಬಿಟ್ಟರು. ಅಧಿಕಾರಿ ಅದನ್ನು ನಾಲ್ಕು ಮಡಿಕೆ ಮಾಡಿ, ಹರಿದು, ಚೂರುಗಳನ್ನು ಕಿಸೆಗೆ ಹಾಕಿಕೊಂಡರು. ಪಟೇಲನ ಏಟುಗಳು ಜೀಪು ಊರು ಬಿಟ್ಟ ಮೇಲೆ ಬಿದ್ದವು.

“ಇನ್ಮೇಲೆ ಶೆಡ್ ತಾವ ಬಂದೀಯೆ, ಕಾಲ್ ಮುರೀತೀನಿ.”

ಕದಿರಮ್ಮ ಹೋಗಲಿಲ್ಲ. ಬೇಸಿಗೆಗೆ ಮುಂಚೆ ಇನ್ನೊಂದು ಸಲ ಸೂಜಿ ಹಾಕಬೇಕಿತ್ತು. ಸೂಜಿ ಪಟೇಲನ ಮನೆಯ ಪೆಟ್ಟಿಗೆಯಲ್ಲೇ ಉಳಿಯಿತು.

ಯುಗಾದಿ ಕಳೆದ ವಾರ ಅನಸೂಯಮ್ಮ ಹೊಲದ ಬದುವಿನವರೆಗೆ ಬಂದಳು. ಕದಿರಮ್ಮ ಬೇರೆಯವರ ಟೊಮೇಟೊ ಕೀಳುತ್ತಿದ್ದಳು.

“ನಾಲ್ಕ್ ಕೋಳಿ ಕತ್ತು ತಿರುಚ್ಕಂಡು ಬಿದ್ದವೆ ಕದಿರಿ.”

“ಅಸ್ರು ಪಿಕ್ಕೆನಾ?”

“ಊಂ.”

“ಸೂಜಿ?”

“ಯಾರಿಗ್ ಬತ್ತದೆ?”

ಆ ದಿನ ತಲೆಯಾಡಿಸಿದ್ದು ಯಾಕೆ ಎಂದು ಕೇಳಬೇಕು ಅಂದುಕೊಂಡಿದ್ದಳು ಕದಿರಮ್ಮ. ಎಷ್ಟೋ ಸಲ ಅಂದುಕೊಂಡಿದ್ದಳು. ಈಗ ಬಾಯಿಗೆ ಬೇರೆಯೇ ಬಂತು. “ಇನ್ ಸೂಜಿ ಆಕಿದ್ರೂ ಪ್ರಯೋಜ್ನಿಲ್ಲ. ಚೆನ್ನಾಗಿರೋವ್ನ ಬೇರೆ ಮಾಡಿ. ಸತ್ತಿದ್ದನ್ನ ಗುಂಡಿ ತೆಗ್ಸಿ ಊಳಿಸ್ಬುಡಿ, ಬೇಗ.”

ಮೂರನೆಯ ದಿನ ಬೆಳಿಗ್ಗೆ ಶೆಡ್ಡಿನಲ್ಲಿ ನಿಂತಿರುವ ಕೋಳಿ ಒಂದೂ ಇರಲಿಲ್ಲ.

ಪಟೇಲ ಕೇರಿಗೆ ಹೇಳಿಕಳಿಸಿದ: ಸತ್ತ ಕೋಳಿ ಹೊತ್ತುಕೊಂಡು ಹೋಗಿ ತಿನ್ನಿ, ಶೆಡ್ಡು ಗುಡಿಸಿಕೊಡಿ. ಸತ್ತ ದನ ಎತ್ತುತ್ತಿದ್ದವರು ಕೋಳಿ ಎತ್ತುವುದೇನು ದೊಡ್ಡದು? ಎಂಟು ಹತ್ತು ಹೆಂಗಸರು ಮಂಕರಿ ಹಿಡಿದು ಬಂದರು. ಪಾಪಕ್ಕನೂ ಬಂದಳು. ಬಾಡು ಕಂಡು ತಿಂಗಳುಗಳಾಗಿದ್ದವು. ಶೆಡ್ಡಿನ ಮುಂದೆ ಬಿಳಿಯ ರಾಶಿ ಬಿದ್ದಿತ್ತು. ನೊಣ ಆಗಲೇ ಮುತ್ತಿದ್ದವು.

ಕದಿರಮ್ಮ ಹಿಂದಿನಿಂದ ಓಡಿಬಂದು ರಾಶಿಗೂ ಮಂಕರಿಗಳಿಗೂ ನಡುವೆ ನಿಂತಳು.

“ಯಾರೂ ಮುಟ್ಬ್ಯಾಡ್ರಿ. ಇದರ ಪುಕ್ಕ, ರಕ್ತ ಕೇರಿಗೆ ಬಂದ್ರೆ ನಮ್ಮ ಕೋಳಿ ಒಂದೂ ಉಳಿಯಾಕಿಲ್ಲ. ಮನೆಗೆ ಎಲ್ಡೋ ಮೂರೋ ಅವೆ. ಅವೂ ಓಯ್ತವೆ.”

“ಏಯ್, ಎತ್ರೇ!” ಸೊಣ್ಣಪ್ಪ ಕೂಗಿದ. “ಇವಳ್ಯಾವ ಡಾಕ್ಟ್ರು? ಎತ್ರಿ ಅಂದೆ!”

ಹೆಂಗಸರು ಅವನನ್ನೂ ನೋಡಿದರು, ಇವಳನ್ನೂ ನೋಡಿದರು. ಪಾಪಕ್ಕ ರಾಶಿಯ ಮೇಲಿನ ದಪ್ಪ ಹ್ಯಾಟೆ ಕೋಳಿಯೊಂದನ್ನು ಆಸೆಯಿಂದ ನೋಡಿ, ಉಗುಳು ನುಂಗಿ, ತನ್ನ ಮಂಕರಿಯನ್ನು ನೆಲಕ್ಕೆ ಬೋರಲು ಹಾಕಿದಳು. “ಅವಳು ಕಲ್ತವ್ಳೆ,” ಎಂದಳು. ಒಬ್ಬೊಬ್ಬರೇ ಹಿಂದೆ ಸರಿದರು.

“ಮತ್ಯಾರೇ ಎತ್ತಾದು ಇದುನ್ನ? ನಾನಾ?”

ಕದಿರಮ್ಮ ಹಿಮ್ಮಡಿಯಿಂದ ಮಣ್ಣಿನ ಮೇಲೆ ಚೌಕ ಎಳೆದಳು. “ಮೂರ್ ಮೊಳ ಗುಂಡಿ, ಮೇಲೆ ಸುಣ್ಣ. ಗೋಡೆ ಮೇಲೆ ಯಾರೆಸ್ರು ಗಾಜು ಆಕ್ಸಿ ತೂಗಾಕಿದ್ದೀರೋ ಅವ್ರು ಅಗೀಲಿ.”

ಸೊಣ್ಣಪ್ಪನ ಬಾಯಿಯಿಂದ ಮಾತು ಹೊರಡುವ ಮುಂಚೆ ಜಗಲಿಯಿಂದ ಯಾರೋ ಇಳಿದು ಬಂದರು. ಅನಸೂಯಮ್ಮ. ಗೋಡೆಗೆ ಒರಗಿಸಿದ್ದ ಗುದ್ದಲಿ ಎತ್ತಿಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಚೌಕದೊಳಗೆ ನಿಂತು ಮೊದಲ ಏಟು ಹಾಕಿದಳು. ಒಣನೆಲ ಠಣ್ ಎಂದಿತು.

“ಬಿಡೇ! ಒಳೀಕ್ ನಡಿಯೇ!” ಎಂದು ಪಟೇಲ ಅರಚಿದ. ಅವಳು ಕೇಳಿಸಿಕೊಳ್ಳಲಿಲ್ಲ. ಅವನು ಆಳುಗಳ ಕಡೆ ತಿರುಗಿದ. “ಅಗ್ಗ ತಗಳ್ರಲಾ. ಆ ಒಲೇರ್ ಮುಂಡೆ ಗುಡ್ಲು ಎಳೆದಾಕ್ರಿ. ಈಗ್ಲೇಯ!”

ನಾಲ್ವರು ಹಗ್ಗ ಹೆಗಲಿಗೇರಿಸಿಕೊಂಡು ಕೇರಿಯ ದಾರಿ ಹಿಡಿದರು. ಪಾಪಕ್ಕ ಅವರ ಹಿಂದೆ ಬಡಕೊಳ್ಳುತ್ತ ಓಡಿದಳು. ಕದಿರಮ್ಮನಿಗೆ ಎಲ್ಲ ಕೇಳಿಸುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ಗುಂಡಿಯ ಅಂಚಿನಲ್ಲಿ ಕೂತು ಒಳಗೆ ಕೈ ಇಳಿಬಿಟ್ಟು ಅಳೆದಳು. ಇನ್ನೂ ಮೊಣಕೈವರೆಗೂ ಬಂದಿರಲಿಲ್ಲ.

“ಸಾಲ್ದು,” ಎಂದಳು. “ಇನ್ನೂ ಆಳ ಬೇಕು.”