ಇತರೆಯವರ ಅಧ್ಯಕ್ಷೆ

ಚುನಾವಣೆಗೆ ಮುಂಚೆ, ಮತದಾರರಲ್ಲಿ ಯಾವ ಜನಾಂಗದವರು ಎಷ್ಟಿದ್ದಾರೆಂದು ತಿಳಿಯಲು ಸರ್ಕಾರ ಮನೆಮನೆಗೆ ಮೇಷ್ಟರುಗಳನ್ನು ಅಟ್ಟಿತು. ನಮ್ಮ ಬೀದಿಗೆ ಬಂದ ಲೆಕ್ಕದ ಮೇಷ್ಟರು ಮೊದಲು ಹತ್ತಿದ್ದು ಬೇಕರಿ ಅಜ್ಜಿಯ ಮೆಟ್ಟಿಲು.

“ಅಜ್ಜಿ, ನೀವು ಬೆಟ್ಟದವರಾ, ಕಡಲಿನವರಾ, ಹಡಗಲ್ಲಿ ಬಂದವರಾ?”

ಅಜ್ಜಿ ಹಿಟ್ಟು ನಾದುತ್ತಲೇ ಹೇಳಿದಳು: “ಅಮ್ಮ ಬೆಟ್ಟದವಳು. ಅಪ್ಪ ಕಡಲಿನವನು. ನಮ್ಮ ಯಜಮಾನರು ಹಡಗಿನವರು. ಈಗ ನೀವೇ ಹೇಳಿ, ನಾನ್ಯಾರು?”

“ಹಾಗಾದ್ರೆ ‘ಇತರೆ’.”

ಅಜ್ಜಿಯ ಕೈ ನಿಂತಿತು. “ಇತರೆ ಅಂದ್ರೆ? ಎಲ್ಲರ ಊಟ ಆದ್ಮೇಲೆ ತಳದಲ್ಲಿ ಉಳಿಯುತ್ತಲ್ಲ, ಅದಾ?”

“ಇರೋ ಕಾಲಂಗಳೇ ಇಷ್ಟು. ನಾನೇನ್ ಮಾಡ್ಲಿ ತಾಯಿ?”

ಅಜ್ಜಿ ಹಿಟ್ಟಿನ ಕೈಯಲ್ಲೇ ಮೇಷ್ಟರ ಬೆನ್ನು ಹತ್ತಿದಳು. ಪಕ್ಕದಂಗಡಿಯ ಕ್ಷೌರಿಕ “ನಾನು ಅಪ್ಪಟ ಬೆಟ್ಟದವನು” ಎಂದು ಎದೆಯುಬ್ಬಿಸಿದ.

“ನಿಮ್ಮಮ್ಮನ ತಾಯಿ ನನ್ನ ಸೋದರತ್ತೆ ಕಣೋ! ಮೀನಿನ ಬುಟ್ಟಿ ಹೊತ್ಕೊಂಡೇ ಈ ಬೀದಿಗೆ ಸೊಸೆಯಾಗಿ ಬಂದ್ಳು.”

ಕುರ್ಚಿಯಲ್ಲಿದ್ದ ಗಿರಾಕಿ ಅರ್ಧ ಮೀಸೆಯಲ್ಲೇ ನಕ್ಕ. ಅವನ ಅಜ್ಜನ ಚರಿತ್ರೆಯೂ ಹೊರಬಂತು. ಟೈಲರ್ ಬಾಗಿಲು ಹಾಕಿಕೊಂಡ. ಅಜ್ಜಿ ಅವನ ಮುತ್ತಜ್ಜಿಯ ಕಥೆಯನ್ನು ಕಿಟಕಿಯಿಂದಲೇ ಒಳಗೆ ಕಳಿಸಿದಳು. ಸಂಜೆಗೆ ನಮ್ಮ ಬೀದಿಗೆ ಬೀದಿಯೇ ‘ಇತರೆ’. ಅಜ್ಜಿಯ ಬಾಯಿಗೆ ಬೀಳುವುದಕ್ಕಿಂತ ಇದೇ ವಾಸಿಯೆಂದು ಪಕ್ಕದ ಬೀದಿಗಳವರೂ ತಾವಾಗಿಯೇ ‘ಇತರೆ’ ಎಂದು ಬರೆಸಿಬಿಟ್ಟರು.

ಅಂಕಿಅಂಶ ಪ್ರಕಟವಾದಾಗ ನಮ್ಮ ಕ್ಷೇತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಜನಾಂಗ ಇತರೆಯವರದೇ! ಒಬ್ಬ ಅಭ್ಯರ್ಥಿ ಬೇಕರಿಗೆ ಎದ್ದುಬಿದ್ದು ಓಡಿಬಂದ.

“ಅಮ್ಮಾ, ಇತರೆಯವರಿಗೆ ತಲತಲಾಂತರದಿಂದ ಅನ್ಯಾಯ ಆಗಿದೆ. ನನ್ನ ಹೆಂಡತಿ ಕಡೆಯವರೂ ಇತರೆಯವರೇ. ನಿಮ್ಮ ಸಮಾಜಕ್ಕೆ ಏನು ಬೇಕು, ಹೇಳಿ.”

“ನಮ್ಮ ಸಮಾಜದ ಮುಂದೆ ಚರಂಡಿ ಕಟ್ಕೊಂಡಿದೆ.”

ಮರುದಿನವೇ ಚರಂಡಿ ಹರಿಯಿತು. ಎದುರಾಳಿ ಸುಮ್ಮನಿರುತ್ತಾನೆಯೇ? ಬೀದಿದೀಪ ಹಾಕಿಸಿದ.

ಖುಷಿಯಲ್ಲಿ ಎಲ್ಲರೂ ಸೇರಿ ಇತರೆಯವರ ಸಂಘ ಕಟ್ಟಿ, ಅಜ್ಜಿಯನ್ನೇ ಅಧ್ಯಕ್ಷೆ ಮಾಡಿದರು. ಮೊದಲ ಸಭೆಯಲ್ಲೇ ಟೈಲರ್ ಎದ್ದುನಿಂತ.

“ನಮ್ಮ ಮನೇದು ನಾಲ್ಕು ತಲೆಮಾರಿನ ಬೆರಕೆ. ಈ ಕ್ಷೌರಿಕನಿಗೆ ಇರೋದು ಒಬ್ಬಳೇ ಕಡಲಿನ ಅಜ್ಜಿ. ಇವನು ಅಸಲಿ ಇತರೆ ಹೇಗಾಗ್ತಾನೆ?”

ಕ್ಷೌರಿಕ ಕುರ್ಚಿ ಎತ್ತಿದ. ಅಜ್ಜಿ ಅದನ್ನು ಕಿತ್ತುಕೊಂಡು, ಅದರ ಮೇಲೇ ಕುಳಿತು, ಸಂಘವನ್ನು ವಿಸರ್ಜಿಸಿದಳು. “ಮೂರು ಪಂಗಡ ಸಾಲದು ಅಂತ ನಾಲ್ಕನೇದು ಹುಟ್ಟಿಸ್ತೀರಾ? ನಡೀರಿ ಮನೆಗೆ!”

ಮತದಾನದ ದಿನ ಬೆಳಿಗ್ಗೆ ಟೈಲರನಿಗೆ ಪೀಕಲಾಟ. ಗಡ್ಡ ಬೆಳೆದಿದೆ, ಬೀದಿಯಲ್ಲಿರುವುದು ಒಬ್ಬನೇ ಕ್ಷೌರಿಕ. ಮುಖ ಸಪ್ಪಗೆ ಮಾಡಿಕೊಂಡು ಹೋಗಿ ಕುಳಿತ. ಕ್ಷೌರಿಕ ನೊರೆ ಹಚ್ಚಿ, ಕತ್ತಿ ಮಸೆದು, ಅವನ ಗಂಟಲಿಗೆ ತಾಗಿಸಿದ.

“ಈಗ ಹೇಳಪ್ಪ. ನಾನು ಯಾರು?”

“ಅಸಲಿ ಕಣೋ,” ಎಂದ ಟೈಲರ್ ತುಟಿಯಷ್ಟೇ ಅಲುಗಿಸಿ, “ನಿನ್ನಷ್ಟು ಅಸಲಿ ಯಾರೂ ಇಲ್ಲ.”