ಕೈ ಒರೆಸಿಕೊಳ್ಳುವ ಸಿದ್ಧಲಿಂಗೇಶ್

ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಕೈಹಾಕುವ ಮುನ್ನ ಶಿಕಾರಿಪುರದ ಸಿದ್ಧಲಿಂಗೇಶ್ ಹೆಗಲ ಮೇಲಿನ ಟವೆಲಿಗೆ ಕೈ ಒರೆಸಿಕೊಳ್ಳುತ್ತಾನೆ. ಚಹಾದ ಲೋಟ ಇಟ್ಟು ಫೋನು ಎತ್ತುವಾಗಲೂ ಅಷ್ಟೇ, ಫೋನು ಇಟ್ಟು ಗಿರಾಕಿಗೆ ನಮಸ್ಕರಿಸುವಾಗಲೂ ಅಷ್ಟೇ. ಕೈ ಒದ್ದೆಯಾಗಿರಬೇಕೆಂದೇನಿಲ್ಲ. "ಒಂದ್ ನಿಮಿಷ ರೀ" ಎನ್ನುತ್ತ ಧ್ಯಾನಸ್ಥನಂತೆ ಒಂದೊಂದೇ ಬೆರಳು ಒರೆಸುವ ಆ ಮಹಾನುಭಾವನ ಎದುರು ನಿಂತವರಿಗೆ ಮೈ ಪರಚಿಕೊಳ್ಳುವಂತಾಗುತ್ತದೆ.

ಇಂಥವನ ಅಂಗಡಿಯಲ್ಲಿ ಎರಡು ಮೂತಿಯ ತ್ರೀಡಿ ಪ್ರಿಂಟರ್ ಇದೆ. ಒಂದು ಮೂತಿ ಗಟ್ಟಿ ಪ್ಲಾಸ್ಟಿಕ್ಕನ್ನೂ ಇನ್ನೊಂದು ರಬ್ಬರಿನಂಥ ಮೆತ್ತನೆಯದನ್ನೂ ಕರಗಿಸಿ, ಸರದಿಯ ಪ್ರಕಾರ ಪದರದ ಮೇಲೆ ಪದರ ಸುರಿಯುತ್ತವೆ. ಮೂತಿ ಬದಲಾಗುವಾಗ ಏನೇನು ಮಾಡಬೇಕೆಂಬುದನ್ನು ಆಕೃತಿಯನ್ನು ಪದರ ಪದರವಾಗಿ ವಿಂಗಡಿಸಿಕೊಡುವ ಕಂಪ್ಯೂಟರಿನ ಸ್ಲೈಸರ್ ತಂತ್ರಾಂಶದಲ್ಲಿ ನಾಲ್ಕು ಸಾಲು ಸ್ಕ್ರಿಪ್ಟ್ ಬರೆದು ಹೇಳಿಕೊಡಬೇಕು.

ಕುರಿ ಸಾಕುವ ಹಾಲಮ್ಮ ಬಂದದ್ದು ಉಣ್ಣೆ ಕತ್ತರಿಗೆ ತೊಡಿಸುವ ಹಿಡಿ ಬೇಕೆಂದು. ಹೆಬ್ಬೆರಳ ಗೆಣ್ಣು ಊದಿಕೊಂಡು, ಕಬ್ಬಿಣ ಒತ್ತಿ ಪ್ರಾಣ ಹೋಗುತ್ತಿತ್ತು. ಮಗ ಮಾಳೇಶ "ಸಾಕ್ ಬಿಡವ್ವಾ, ನಾನ್ ಕತ್ತರಸ್ತೀನಿ" ಎಂದಾಗಲೆಲ್ಲ ಸಿಡುಕುತ್ತಿದ್ದಳು. ಕತ್ತರಿ ಬಿಟ್ಟುಕೊಟ್ಟ ದಿನವೇ ತಾನು ಮೂಲೆಗೆ ಬಿದ್ದಂತೆ ಎಂಬ ಭಯ ಅವಳಿಗೆ.

ಸಿದ್ಧಲಿಂಗೇಶ್ ಮಾಡಿಕೊಟ್ಟ ಹಿಡಿ ಮೊದಲ ಕುರಿಗೇ ಕೆಟ್ಟಿತು. ಮೆತ್ತನೆಯ ಪದರ ಸಿಪ್ಪೆಯಂತೆ ಸುಲಿದು ಬಂತು. ಹಾಲಮ್ಮ ಅದನ್ನು ಮೇಜಿನ ಮೇಲಿಟ್ಟು, "ನೀ ಚಲೋನೇ ಮಾಡೀಯಪ್ಪಾ. ನನ್ ಕೈಯೇ ಕೆಟ್ಟೈತಿ. ಇನ್ ಮಾಳೇಶಂಗೇ ಕೊಡ್ತೀನಿ" ಎಂದಳು.

ಸಿದ್ಧಲಿಂಗೇಶನ ಮುಖ ಕಪ್ಪಿಟ್ಟಿತು. ಸೊರಬದ ಗಿರಾಕಿಯೊಬ್ಬರ ಅವಸರದ ನಾಮಫಲಕಕ್ಕಾಗಿ, ಮೂತಿ ಒರೆಸುವ ಸಾಲನ್ನೂ ಅದು ಬಿಸಿಯೇರುವ ತನಕ ತಡೆಯುವ ಸಾಲನ್ನೂ ಅಳಿಸಿದವನು ಅವನೇ; ಮರಳಿ ಬರೆಯಲು ಮರೆತವನೂ ಅವನೇ. ಅದಕ್ಕೇ ಪದರಗಳು ಒಂದಕ್ಕೊಂದು ಅಂಟಿರಲಿಲ್ಲ. ಕೈ ಒರೆಸದೆ ಫೋನು ಮುಟ್ಟದ ಪುಣ್ಯಾತ್ಮ ಯಂತ್ರಕ್ಕೆ ಮಾತ್ರ ಆ ಬಿಡುವು ಕೊಟ್ಟಿರಲಿಲ್ಲ!

"ನಿನ್ ಕೈಗೇನೂ ಆಗಿಲ್ಲವ್ವಾ. ಅವಸರ ಮಾಡಿದ್ದು ನಾನು" ಎಂದು ಅಲ್ಲೇ ಕೂತು ತಿದ್ದಿದ. ಸರದಿ ಮುಗಿದ ಮೂತಿ ತನ್ನ ಎಳೆಯನ್ನು ಒಳಗೆಳೆದುಕೊಂಡು ಬದಿಗೆ ಸರಿಯಬೇಕು. ಬರುವ ಮೂತಿ ಪೂರ್ತಿ ಬಿಸಿಯೇರಿ, ಬ್ರಷ್ಷಿಗೆ ತುದಿ ಒರೆಸಿಕೊಂಡ ಮೇಲೆಯೇ ಕೆಲಸಕ್ಕಿಳಿಯಬೇಕು. ಯಂತ್ರ ಓಡತೊಡಗಿದಾಗ ಹಾಲಮ್ಮ ಅದನ್ನೇ ದಿಟ್ಟಿಸುತ್ತಿದ್ದಳು.

"ಯವ್ವಾ, ನಿನ್ನಂಗೇ ಒರಸ್ಕೊಂತೈತಲ್ಲೋ ಇದು!"

ಹೊಸ ಹಿಡಿ ಸುಲಿಯಲಿಲ್ಲ. ಸಮಾಧಾನವಾಗದೆ ಕುರಿದೊಡ್ಡಿಗೇ ಹೋಗಿ ನಿಂತ ಸಿದ್ಧಲಿಂಗೇಶ್ ಕಣ್ಣಾರೆ ಕಂಡ. ಒಂದು ಕುರಿಯ ಉಣ್ಣೆ ಮುಗಿಸಿದ ಹಾಲಮ್ಮ ಕತ್ತರಿ ಪಕ್ಕಕ್ಕಿಟ್ಟು, ನಿಧಾನವಾಗಿ ಸೆರಗಿಗೆ ಕೈ ಒರೆಸಿಕೊಂಡಳು. ದಣಿದಳೆಂದುಕೊಂಡು ಮಾಳೇಶ ಕತ್ತರಿಗೆ ಕೈಚಾಚಿದ. "ಮುಟ್ಟಬ್ಯಾಡ" ಎಂದು ಗದರಿ, ಮುಂದಿನ ಕುರಿಯನ್ನು ಎಳೆದುಕೊಂಡಳು.

ಹಿಂದಿನದನ್ನು ಅರ್ಧ ಹಿಡಿದುಕೊಂಡೇ ಮುಂದಿನದಕ್ಕೆ ಹಾರುವ ನಮಗೆ ಇಂಥವರು ನಿಧಾನಿಗಳಾಗಿ ಕಾಣುತ್ತಾರೆ. ಆದರೆ ಅವರು ಕೈಗೆತ್ತಿಕೊಂಡ ಕೆಲಸದಲ್ಲಿ ಇನ್ನೊಂದು ಕೆಲಸದ ಕೊಳೆ ಇರುವುದಿಲ್ಲ. ಅವರು ತಪ್ಪುವುದು, ತಪ್ಪಿದರೆ, ನಮ್ಮ ಅವಸರಕ್ಕೆ ಮಣಿದಾಗ ಮಾತ್ರ.